ಮಾತಿನ ಧಾಟಿ ಮತ್ತು ನಮ್ಮ ಕಿವಿ: ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬರು ಬಾಯಿ ಬಿಟ್ಟ ಕೂಡಲೇ "ಓ, ಇವರು ಆ ಕಡೆಯವರು" ಅಂತ ಗೊತ್ತಾಗಿಬಿಡುತ್ತದೆ. ಅದರ ಬೆನ್ನಿಗೇ ಇನ್ನೊಂದು ಯೋಚನೆ ನುಸುಳುತ್ತದೆ: ಒಳ್ಳೆಯವರಿರಬೇಕು, ಒರಟರಿರಬೇಕು, ಜಾಸ್ತಿ ಓದಿದವರಿರಬೇಕು. ಮೊದಲನೆಯದು ಕಿವಿಯ ಕೆಲಸ. ಎರಡನೆಯದು ಎಲ್ಲಿಂದ ಬರುತ್ತದೆ? ಈ ವಿಷಯದಲ್ಲಿ ಜನ ಕೇಳುವ ಪ್ರಶ್ನೆಗಳೆಲ್ಲ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತವೆ.

ಧಾಟಿ ಅಂದ್ರೆ ಏನು? ಒಳನುಡಿ ಅನ್ನೋದೂ ಅದೇನಾ?

ಪೂರ್ತಿ ಅದೇ ಅಲ್ಲ. ಪದ ಅದೇ, ವಾಕ್ಯ ಅದೇ, ಆದರೆ ಬಾಯಿಂದ ಹೊರಡುವ ರೀತಿ ಬೇರೆ ಇದ್ದರೆ ಅದು ಧಾಟಿ. ಒಬ್ಬರು ಸ್ವರ ಎಳೆಯುತ್ತಾರೆ, ಇನ್ನೊಬ್ಬರು ನುಂಗುತ್ತಾರೆ. ಒಬ್ಬರ ಮಾತು ಕೊನೆಯಲ್ಲಿ ಏರುತ್ತದೆ, ಇನ್ನೊಬ್ಬರದು ಇಳಿಯುತ್ತದೆ. ಪದಗಳೇ ಬೇರೆಯಾಗಿ, ಕ್ರಿಯಾಪದದ ಬಾಲವೂ ಬದಲಾದರೆ ಅದನ್ನು ಒಳನುಡಿ ಅನ್ನುತ್ತಾರೆ. ದಿನಬಳಕೆಯಲ್ಲಿ ಎರಡೂ ಕಲಸಿಕೊಂಡೇ ಬರುತ್ತವೆ. ಜನರೂ "ಅವರ ಮಾತೇ ಬೇರೆ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

ನನಗೆ ಯಾವ ಧಾಟಿಯೂ ಇಲ್ಲ. ನಾನು ಸರಿಯಾಗೇ ಮಾತಾಡೋದು. ಅಲ್ವಾ?

ಇದೆ. ನಿಮ್ಮ ಸುತ್ತ ಎಲ್ಲರೂ ಹಾಗೇ ಮಾತಾಡುತ್ತಾರೆ, ಅದಕ್ಕೇ ಕೇಳಿಸುತ್ತಿಲ್ಲ. ಅನುಮಾನ ಇದ್ದರೆ ದೂರದ ಸೀಮೆಗೆ ಹೋಗಿ ಎರಡು ಮಾತಾಡಿ ನೋಡಿ.

ಕೆಲವು ಧಾಟಿ ಹುಟ್ಟಾ ಇಂಪು, ಕೆಲವು ಕರ್ಕಶ. ಇದನ್ನಾದರೂ ಒಪ್ಪುತ್ತೀರಾ?

ಬಹಳ ಜನ ಗಟ್ಟಿಯಾಗಿ ನಂಬುವ ಮಾತು ಇದು. ಒಂದು ಕಾಲದಲ್ಲಿ ನಾನೂ ನಂಬಿದ್ದೆ.

1970ರ ದಶಕದಲ್ಲಿ ಭಾಷಾ ಸಂಶೋಧಕರು ಇದನ್ನು ಪರೀಕ್ಷೆಗೆ ಹಚ್ಚಿದರು. ಗ್ರೀಸ್ ದೇಶದಲ್ಲಿ ಅಥೆನ್ಸಿನ ಉಚ್ಚಾರಕ್ಕೆ ಬಹಳ ಮರ್ಯಾದೆ. ಕ್ರೀಟ್ ದ್ವೀಪದ ಉಚ್ಚಾರ ಅಂದರೆ ಅಷ್ಟಕ್ಕಷ್ಟೆ. ಗ್ರೀಕ್ ಭಾಷೆಯ ಗಂಧಗಾಳಿ ಇಲ್ಲದ ಬ್ರಿಟಿಷ್ ವಿದ್ಯಾರ್ಥಿಗಳಿಗೆ ಎರಡನ್ನೂ ಕೇಳಿಸಿ, ಯಾವುದು ಚೆನ್ನಾಗಿದೆ ಅಂದರು. ಅಥೆನ್ಸಿನ ಮಾತು ನಿಜಕ್ಕೂ ಇಂಪಾಗಿದ್ದರೆ ಅದು ಪರದೇಶಿಯ ಕಿವಿಗೂ ಹಾಗೇ ಕೇಳಿಸಬೇಕಿತ್ತು. ಕೇಳಿಸಲಿಲ್ಲ. ಆ ವಿದ್ಯಾರ್ಥಿಗಳಿಗೆ ಅದರಲ್ಲಿ ಹೆಚ್ಚು ಕಡಿಮೆ ಏನೂ ಕಾಣಲಿಲ್ಲ.

ಇನ್ನೂ ಹತ್ತಿರದಿಂದ ನೋಡೋಣ. 'ರ್' ಅನ್ನೋ ಒಂದೇ ಒಂದು ಸದ್ದು ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ 'ಕಾರ್' ಅನ್ನೋದನ್ನು 'ಕಾ' ಅಂತ ಮುಗಿಸುವವರು ದೊಡ್ಡ ಮನುಷ್ಯರು. 'ರ್' ಒತ್ತಿ ಹೇಳಿದರೆ ಹಳ್ಳಿಯವರು ಅಂತ ಲೆಕ್ಕ. ಸಮುದ್ರ ದಾಟಿ ನ್ಯೂಯಾರ್ಕಿಗೆ ಹೋಗಿ, ಲೆಕ್ಕ ತಲೆಕೆಳಗು. ಅಲ್ಲಿ 'ರ್' ಹೇಳುವವರು ಮೇಲಿನವರು, ನುಂಗುವವರು ಕೆಳಗಿನವರು. ತಮಾಷೆ ಅಂದರೆ, ಎರಡನೇ ಮಹಾಯುದ್ಧಕ್ಕೆ ಮೊದಲು ಅದೇ ನ್ಯೂಯಾರ್ಕಿನಲ್ಲಿ 'ರ್' ನುಂಗೋದೇ ಗತ್ತಿನ ಮಾತಾಗಿತ್ತು.

ನಮ್ಮ ಭಾಷೆಯಲ್ಲೂ ಇಂಥದ್ದು ಇದೆ. 'ಹಾಲು' ಅನ್ನೋದನ್ನು ಯಾರಾದರೂ 'ಆಲು' ಅಂದರೆ ನಗುವವರಿದ್ದಾರೆ. ಆದರೆ ಹಳಗನ್ನಡದಲ್ಲಿ ಅದು 'ಪಾಲ್'. ಹುಲಿ 'ಪುಲಿ' ಆಗಿತ್ತು, ಹಾವು 'ಪಾವು' ಆಗಿತ್ತು. ನಡುವೆ ಯಾವಾಗಲೋ ಜನ 'ಪ' ಬಿಟ್ಟು 'ಹ' ಹಿಡಿದರು. ಆಗಿನ ಹಿರಿಯರಿಗೆ 'ಹಾಲು' ಎಷ್ಟು ಕೆಟ್ಟದಾಗಿ ಕೇಳಿಸಿತೋ ಏನೋ! ಈಗ 'ಹ' ಬಿಡುವವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹಾಕಿದ್ದಾರೆ, ಅಷ್ಟೇ. ಇಂಗ್ಲಿಷಿನಲ್ಲೂ 'ಹೌಸ್' ಅನ್ನೋದನ್ನು 'ಔಸ್' ಅಂದರೆ ನಗುತ್ತಾರೆ. ಫ್ರೆಂಚರು ತಮ್ಮ ಭಾಷೆಯಲ್ಲಿ 'ಹ' ಸದ್ದನ್ನೇ ಪೂರಾ ಬಿಟ್ಟಿದ್ದಾರೆ. ಅವರನ್ನು ನೋಡಿ ಯಾರೂ ಓದಿಲ್ಲದವರು ಅನ್ನೋದಿಲ್ಲ.

ಹಾಗಾಗಿ ಇಂಪು, ಕರ್ಕಶ ಅನ್ನುವಾಗ ನಾವು ಸದ್ದಿನ ಬಗ್ಗೆ ಹೇಳುತ್ತಿಲ್ಲ. ಆ ಸದ್ದು ಮಾಡುವವರ ಬಗ್ಗೆ ನಮಗೆ ಮೊದಲೇ ಇರುವ ಅಭಿಪ್ರಾಯ ಹೇಳುತ್ತಿದ್ದೇವೆ.

ಇಂಥ ಅಭಿಪ್ರಾಯವನ್ನು ಅಳೆಯೋದು ಹೇಗೆ? ನೇರವಾಗಿ ಕೇಳಿದರೆ ಯಾರೂ ನಿಜ ಹೇಳೋದಿಲ್ಲವಲ್ಲ.

ಹೌದು. "ನಿಮಗೆ ಆ ಕಡೆಯವರನ್ನು ಕಂಡರೆ ಆಗೋದಿಲ್ವಾ?" ಅಂದರೆ ಎಲ್ಲರೂ "ಛೆ ಛೆ" ಅನ್ನುತ್ತಾರೆ. ಅದಕ್ಕೇ ಕೆನಡಾದ ಮಾಂಟ್ರಿಯಲ್‌ನಲ್ಲಿ ವಾಲೇಸ್ ಲ್ಯಾಂಬರ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು ಒಂದು ಉಪಾಯ ಹೂಡಿದರು. 1960ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಇಂಗ್ಲಿಷ್, ಫ್ರೆಂಚ್ ಎರಡನ್ನೂ ನೀರು ಕುಡಿದಂತೆ ಆಡುವ ಕೆಲವರಿಂದ ಒಂದೇ ವಿಷಯವನ್ನು ಎರಡೂ ಭಾಷೆಯಲ್ಲಿ ಓದಿಸಿ ಧ್ವನಿಮುದ್ರಿಸಿಕೊಂಡರು. ಕೇಳುವವರಿಗೆ ಮಾತ್ರ ಇವರೆಲ್ಲ ಬೇರೆ ಬೇರೆ ಜನ ಅಂತ ಅನಿಸುವ ಹಾಗೆ ಕಲಸಿ ಕೇಳಿಸಿದರು. ಒಬ್ಬರೇ ಮನುಷ್ಯ, ಒಂದೇ ಗಂಟಲು. ಆದರೂ ಇಂಗ್ಲಿಷ್ ಓದಿದಾಗ ಜಾಣರು, ನಂಬಿಕಸ್ಥರು ಅನ್ನಿಸಿಕೊಂಡರು, ಫ್ರೆಂಚ್ ಓದಿದಾಗ ಅಂಕ ಇಳಿಯಿತು. ಆಗ ಆ ನಗರದಲ್ಲಿ ಹಣ, ಅಧಿಕಾರ ಇಂಗ್ಲಿಷಿನವರ ಕೈಯಲ್ಲಿತ್ತು. ನೋವಿನ ಸಂಗತಿ ಅಂದರೆ ಫ್ರೆಂಚ್ ಮನೆಮಾತಿನವರೂ ಹಾಗೇ ಅಂಕ ಕೊಟ್ಟರು. ತಮ್ಮ ಮಾತಿಗೆ ತಾವೇ ಕಡಿಮೆ ಬೆಲೆ ಕಟ್ಟಿದರು. ಆಮೇಲೆ ಇದೇ ಉಪಾಯವನ್ನು ಒಂದೇ ಭಾಷೆಯ ಬೇರೆ ಬೇರೆ ಧಾಟಿಗಳಿಗೂ ಬಳಸಿದರು.

ಇನ್ನೊಂದು ನನ್ನ ಮೆಚ್ಚಿನದು. 1962ರಲ್ಲಿ ವಿಲಿಯಂ ಲಬೋವ್ ಅನ್ನೋ ಭಾಷಾವಿಜ್ಞಾನಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಗಿರಾಕಿಯ ಹಾಗೆ ಹೋದರು. ಒಂದು ದುಬಾರಿ, ಒಂದು ಮಧ್ಯಮ, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿರುವ ವಸ್ತು ಯಾವುದು ಅಂತ ಮೊದಲೇ ನೋಡಿಕೊಂಡು, ಅದು ಎಲ್ಲಿದೆ ಅಂತ ಕೆಲಸದವರನ್ನು ಕೇಳುತ್ತಿದ್ದರು. ಅವರು "ಫೋರ್ತ್ ಫ್ಲೋರ್" ಅಂತಾರಾ, "ಫೋತ್ ಫ್ಲೋ" ಅಂತಾರಾ? ಕೇಳಿಸದವರಂತೆ ಮುಂದಕ್ಕೆ ಬಾಗಿ "ಏನಂದ್ರಿ?" ಅನ್ನುತ್ತಿದ್ದರು. ಎರಡನೇ ಸಲ ಜನ ಸ್ವಲ್ಪ ಎಚ್ಚರದಿಂದ ಹೇಳುತ್ತಾರಲ್ಲ, ಅದೂ ಬೇಕಿತ್ತು. ಆಮೇಲೆ ಪಕ್ಕಕ್ಕೆ ಸರಿದು ಗುಟ್ಟಾಗಿ ಬರೆದುಕೊಳ್ಳುವುದು. ದುಬಾರಿ ಅಂಗಡಿಯಲ್ಲಿ ಸುಮಾರು ಐದರಲ್ಲಿ ಮೂವರು ಒಮ್ಮೆಯಾದರೂ 'ರ್' ಹೇಳಿದರು. ಮಧ್ಯಮದಲ್ಲಿ ಹೆಚ್ಚು ಕಡಿಮೆ ಅರ್ಧ. ಅಗ್ಗದ ಅಂಗಡಿಯಲ್ಲಿ ಐದರಲ್ಲಿ ಒಬ್ಬರು. ಮೂರೂ ಕಡೆ ಕೆಲಸಕ್ಕಿದ್ದವರು ಶ್ರೀಮಂತರೇನಲ್ಲ. ಗಿರಾಕಿ ಎಂಥವರೋ ಇವರ ನಾಲಿಗೆಯೂ ಅಂಥದ್ದಾಗಿತ್ತು.

ಪೇಟೆಯ ಧಾಟಿ ಅಂದ್ರೆ ಜಾಣತನ, ಹಳ್ಳಿಯ ಧಾಟಿ ಅಂದ್ರೆ ಒಳ್ಳೆತನ. ಹೀಗೆ ಯಾಕೆ ಅನಿಸುತ್ತದೆ?

ಬಹಳ ಕಡೆ ಈ ಹಂಚಿಕೆ ಕಾಣುತ್ತದೆ. ಅಧಿಕಾರ ಇರುವವರ ಧಾಟಿಗೆ ಬುದ್ಧಿ, ಓದು, ಗತ್ತು ಕೊಡುತ್ತೇವೆ. ಉಳಿದವರ ಧಾಟಿಗೆ ಪ್ರೀತಿ, ಸರಳತೆ, ನಗೆ. ಸಮಾಧಾನಕರ ಬಹುಮಾನದ ಹಾಗೆ.

ಇದನ್ನು ನಾವು ಕಲಿಯೋದು ಚಿಕ್ಕಂದಿನಲ್ಲೇ. ಅಮೆರಿಕದ ಉತ್ತರದ ಇಲಿನಾಯ್ ಮತ್ತು ದಕ್ಷಿಣದ ಟೆನೆಸಿ ರಾಜ್ಯಗಳ ಮಕ್ಕಳಿಗೆ ಎರಡೂ ಕಡೆಯ ಧ್ವನಿ ಕೇಳಿಸಿದ ಒಂದು ಅಧ್ಯಯನ 2013ರಲ್ಲಿ ಬಂತು. ಐದಾರು ವರ್ಷದ ಮಕ್ಕಳಿಗೆ ಯಾರು ಜಾಣರು, ಯಾರು ಒಳ್ಳೆಯವರು ಅನ್ನೋ ಬಗ್ಗೆ ಗಟ್ಟಿ ಅಭಿಪ್ರಾಯವೇ ಇರಲಿಲ್ಲ. ಒಂಬತ್ತು ಹತ್ತು ವರ್ಷದವರಿಗೆ ಇತ್ತು. ಉತ್ತರದವರು ಜಾಣರು, ಯಜಮಾನಿಕೆಯವರು. ದಕ್ಷಿಣದವರು ಒಳ್ಳೆಯವರು. ಟೆನೆಸಿಯ ಮಕ್ಕಳೂ ಹೀಗೇ ಅಂದರು. ನಾಲ್ಕೇ ವರ್ಷದಲ್ಲಿ, ಯಾವ ಪಾಠಪುಸ್ತಕದಲ್ಲೂ ಇಲ್ಲದ ಪಾಠವನ್ನು ಮಕ್ಕಳು ಕಲಿತುಬಿಟ್ಟಿದ್ದರು.

ಒಮ್ಮೆ ಒಂದು ಸಂದರ್ಶನದಲ್ಲಿ ನಾನು ಕಷ್ಟಪಟ್ಟು ಒಂದು ಉತ್ತರ ಹೇಳಿ ಮುಗಿಸಿದೆ. ಮೇಜಿನ ಆ ಕಡೆ ಕೂತವರು ನಕ್ಕು "ಎಷ್ಟು ಮುದ್ದಾಗಿ ಮಾತಾಡ್ತೀರಿ" ಅಂದರು. ಉತ್ತರದ ಬಗ್ಗೆ ಒಂದು ಮಾತೂ ಇಲ್ಲ. ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಧಾಟಿ ನೋಡಿ ಹೇಳಿದ ವಿಷಯವನ್ನೇ ನಂಬದವರೂ ಇರುತ್ತಾರಾ?

ಇರುತ್ತಾರೆ. ಅವರಿಗೇ ಗೊತ್ತಾಗದ ಹಾಗೆ. ಷಿಕಾಗೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. "ಜಿರಾಫೆ ಒಂಟೆಗಿಂತ ಹೆಚ್ಚು ದಿನ ನೀರಿಲ್ಲದೆ ಇರಬಲ್ಲದು" ಎಂಬಂಥ ಸಣ್ಣ ಮಾಹಿತಿಗಳನ್ನು ಬೇರೆ ಬೇರೆಯವರಿಂದ ಓದಿಸಿದರು. ಪರಭಾಷೆಯ ಧಾಟಿಯಲ್ಲಿ ಓದಿದಾಗ ಜನ ಕಡಿಮೆ ನಂಬಿದರು. ಇವರು ಸುಮ್ನೆ ಬೇರೆಯವರು ಬರೆದುಕೊಟ್ಟದ್ದನ್ನು ಓದುತ್ತಿದ್ದಾರೆ ಅಂತ ಮೊದಲೇ ಹೇಳಿದ್ದರೂ ಹಾಗೇ ಆಯಿತು. ಕೇಳೋಕೆ ಸ್ವಲ್ಪ ಶ್ರಮ ಆಗುತ್ತದೆ. ಆ ಶ್ರಮವನ್ನು ನಮ್ಮ ತಲೆ ಅನುಮಾನ ಅಂತ ಲೆಕ್ಕ ಹಾಕುತ್ತದೆ ಅನ್ನೋದು ಅವರ ವಿವರಣೆ.

ಊರಿನ ಧಾಟಿಗೂ ಇದೇ ಪಾಡು ಬಂದದ್ದುಂಟು. 1941ರಲ್ಲಿ ಬಿಬಿಸಿ ರೇಡಿಯೋ ಯುದ್ಧದ ವಾರ್ತೆ ಓದಲು ವಿಲ್ಫ್ರೆಡ್ ಪಿಕಲ್ಸ್ ಅನ್ನೋ ಯಾರ್ಕ್‌ಷೈರಿನವರನ್ನು ಕೂರಿಸಿತು. ಕೊನೆಯಲ್ಲಿ ಅವರು "ಗುಡ್ ನೈಟ್" ಬದಲು ತಮ್ಮ ಕಡೆಯ ಹಾಗೆ "ಗುಡ್ ನೀಟ್" ಅನ್ನುತ್ತಿದ್ದರು. ಆ ಧಾಟಿಯಲ್ಲಿ ವಾರ್ತೆ ಕೇಳಿ ಕೇಳುಗರು ದೂರಿದರು. ವಾರ್ತೆ ಅದೇ, ಯುದ್ಧವೂ ಅದೇ.

ಕೆಲಸ, ಬಾಡಿಗೆ ಮನೆ ಸಿಗೋದಕ್ಕೂ ಧಾಟಿ ಅಡ್ಡ ಬರುತ್ತದೆಯಾ?

ಬರುತ್ತದೆ. ಜಾನ್ ಬಾ ಅನ್ನೋ ಅಮೆರಿಕದ ಭಾಷಾವಿಜ್ಞಾನಿಗೆ ಮೂರು ಬಗೆಯ ಇಂಗ್ಲಿಷ್ ಸಲೀಸು. ಅವರು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ ಮನೆ ಮಾಲೀಕರಿಗೆ ಫೋನ್ ಮಾಡಿ, ಒಂದೇ ಮಾತನ್ನು ಮೂರು ಧಾಟಿಯಲ್ಲಿ ಬೇರೆ ಬೇರೆ ಸಲ ಹೇಳಿದರು. ಮನೆ ನೋಡೋಕೆ ಬರಲಾ ಅಂತ. ಬಿಳಿಯರು ಹೆಚ್ಚಿದ್ದ ಬಡಾವಣೆಗಳಲ್ಲಿ ಕರಿಯರ ಧಾಟಿಗೂ ಮೆಕ್ಸಿಕೋ ಮೂಲದವರ ಧಾಟಿಗೂ "ಬನ್ನಿ" ಅನ್ನೋ ಉತ್ತರ ಸಿಕ್ಕಿದ್ದು ಎಷ್ಟೋ ಕಡಿಮೆ. 1999ರ ಅದೇ ವರದಿಯ ಇನ್ನೊಂದು ಭಾಗ ಇದಕ್ಕಿಂತ ಬೆಚ್ಚಿಸುತ್ತದೆ: ಒಂದೇ ಒಂದು "ಹಲೋ" ಕೇಳಿ ಬಹಳ ಜನ ಧಾಟಿಯನ್ನು ಸರಿಯಾಗಿ ಗುರುತಿಸಿದ್ದರು.

ಇದರ ವಿರುದ್ಧ ಕಾನೂನು ಇದೆಯಾ?

ಅಮೆರಿಕದಲ್ಲಿ ಧಾಟಿಯ ಕಾರಣಕ್ಕೆ ಕೆಲಸ ನಿರಾಕರಿಸಿದರೆ ಅದನ್ನು ಮೂಲ ದೇಶದ ಹೆಸರಿನ ತಾರತಮ್ಯ ಅಂತ ಪ್ರಶ್ನಿಸಬಹುದು. ಆ ಧಾಟಿಯಿಂದ ಕೆಲಸಕ್ಕೇ ನಿಜವಾಗಿ ತೊಡಕಾಗುತ್ತಿದ್ದರೆ ಮಾತ್ರ ವಿನಾಯಿತಿ. ಆದರೆ ಅದೇ ದೇಶದ ಒಂದು ಮೂಲೆಯ ಧಾಟಿಗೆ ಇದು ಅಷ್ಟು ಸುಲಭವಾಗಿ ಒದಗುವುದಿಲ್ಲ. ಫ್ರಾನ್ಸಿನ ಸಂಸತ್ತಿನ ಕೆಳಮನೆ 2020ರ ನವೆಂಬರ್‌ನಲ್ಲಿ ಧಾಟಿಯ ತಾರತಮ್ಯ ತಡೆಯುವ ಮಸೂದೆಯೊಂದನ್ನು ಒಪ್ಪಿತು. ಅಲ್ಲಿ ಪ್ಯಾರಿಸ್ಸಿನ ಧಾಟಿಯೇ ಧಾಟಿ, ದಕ್ಷಿಣದ ಸಂಸದರನ್ನೂ ಜನ ಆಡಿಕೊಳ್ಳುವುದುಂಟು. ನಾರ್ವೆಯದು ಇನ್ನೊಂದು ದಾರಿ. ಅಲ್ಲಿ ಮಾತಿಗೆ ಇದೇ ಸರಿ ಅನ್ನೋ ಅಧಿಕೃತ ರೂಪವೇ ಇಲ್ಲ. ಸಂಸತ್ತಿನಲ್ಲಿ ಮಂತ್ರಿಯೂ ತನ್ನ ಸೀಮೆಯ ಮಾತನ್ನೇ ಆಡುತ್ತಾರೆ.

ಅದೇ ನಾರ್ವೆಯಲ್ಲಿ 1941ರಲ್ಲಿ ಒಂದು ಘಟನೆ ನಡೆಯಿತು. ವೈಮಾನಿಕ ದಾಳಿಯಲ್ಲಿ ಒಬ್ಬ ಹೆಂಗಸಿನ ತಲೆಗೆ ಬಾಂಬಿನ ಚೂರು ಬಡಿಯಿತು. ಬದುಕಿದರು. ಮಾತು ಮರಳಿದಾಗ ಧಾಟಿ ಬದಲಾಗಿತ್ತು. ಕೇಳಿದವರಿಗೆ ಅದು ಜರ್ಮನ್ ಧಾಟಿಯಂತೆ ಕೇಳಿಸಿತು. ಅವರು ದೇಶ ಬಿಟ್ಟು ಹೊರಗೆ ಹೋದವರೇ ಅಲ್ಲ. ಆದರೆ ಆಗ ನಾರ್ವೆ ಜರ್ಮನರ ವಶದಲ್ಲಿತ್ತು. ಅಂಗಡಿಯವರು ಸಾಮಾನು ಕೊಡೋಕೆ ಒಪ್ಪುತ್ತಿರಲಿಲ್ಲ. ಶತ್ರುವಿನ ಕಡೆಯವರು ಅನ್ನೋ ಪಟ್ಟ ಬೇರೆ. ಮೋನ್ರಾಡ್ ಕ್ರೋನ್ ಅನ್ನೋ ನರರೋಗ ತಜ್ಞರು 1947ರಲ್ಲಿ ಇದನ್ನು ದಾಖಲಿಸಿದರು.

ಯಾರ ಜೊತೆ ಮಾತಾಡಿದರೂ ನನಗೆ ಅವರದೇ ಧಾಟಿ ಬಂದುಬಿಡುತ್ತದೆ. ಇದು ನಾಟಕವಾ?

ಅಲ್ಲ. ಎಲ್ಲರೂ ಇದನ್ನು ಮಾಡುತ್ತಾರೆ. ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳತಿ, ನಾನು ಫೋನ್ ಎತ್ತಿ ಎರಡು ಮಾತು ಆಡುವಷ್ಟರಲ್ಲಿ "ಅಮ್ಮನಾ?" ಅಂತ ಕಣ್ಣಲ್ಲೇ ಕೇಳುತ್ತಾಳೆ. ನನಗೇ ಗೊತ್ತಾಗದೆ ಸ್ವರ ಉದ್ದವಾಗಿರುತ್ತದೆ, ದನಿ ಜೋರಾಗಿರುತ್ತದೆ. ಫೋನ್ ಇಟ್ಟ ಮೇಲೂ ಐದು ನಿಮಿಷ ಅದೇ ಗುಂಗು.

ಹತ್ತಿರವಾಗಬೇಕು ಅನಿಸಿದರೆ ಧಾಟಿ ಹತ್ತಿರ ಬರುತ್ತದೆ. ಸಿಟ್ಟು ಬಂದರೆ ದೂರ ಹೋಗುತ್ತದೆ. 1977ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವೇಲ್ಸ್‌ನಲ್ಲಿ ವೆಲ್ಷ್ ಭಾಷೆ ಕಲಿಯುತ್ತಿದ್ದವರ ಮುಂದೆ ಇಂಗ್ಲೆಂಡಿನ ದೊಡ್ಡವರ ಧಾಟಿಯ ದನಿಯೊಂದು, ಸಾಯುತ್ತಿರುವ ಈ ಭಾಷೆ ಯಾಕೆ ಕಲಿಯುತ್ತೀರಿ ಎಂಬರ್ಥದಲ್ಲಿ ಕೆಣಕಿತು. ತಮ್ಮ ಭಾಷೆಯ ಬಗ್ಗೆ ಅಭಿಮಾನ ಇದ್ದವರು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು, ಆದರೆ ವೆಲ್ಷ್ ಧಾಟಿಯನ್ನು ಬೇಕಂತಲೇ ದಪ್ಪ ಮಾಡಿಕೊಂಡರು.

ಟಿವಿ, ಮೊಬೈಲ್ ಬಂದ ಮೇಲೆ ಧಾಟಿಗಳೆಲ್ಲ ಒಂದೇ ಆಗಿಬಿಡುತ್ತವಾ?

ಕೆಲವು ಮೆತ್ತಗಾಗುತ್ತವೆ. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವರ ಕ್ರಿಸ್‌ಮಸ್ ಭಾಷಣಗಳನ್ನು ಅಳೆದು ನೋಡಿದ ಒಂದು ಅಧ್ಯಯನ 2000ರಲ್ಲಿ ಬಂತು. 1950ರ ದಶಕದಿಂದ 1980ರ ದಶಕದ ಹೊತ್ತಿಗೆ ಅವರ ಸ್ವರಗಳೂ ಸಾಮಾನ್ಯ ಜನರ ಕಡೆಗೆ ಜಾರಿದ್ದವು. ರಾಣಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು!

ಆದರೆ ಎದುರು ದಿಕ್ಕಿನ ಕಥೆಯೂ ಇದೆ. ಅಮೆರಿಕದ ಮಾರ್ಥಾಸ್ ವಿನ್‌ಯಾರ್ಡ್ ಅನ್ನೋ ದ್ವೀಪದಲ್ಲಿ ಆಗ ಆರು ಸಾವಿರದಷ್ಟು ಜನ ಇದ್ದರು. ಬೇಸಿಗೆಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಬಂದು ತುಂಬುತ್ತಿದ್ದರು. ಹೊರಗಿನ ಮಾತು ಇಷ್ಟು ಕಿವಿಗೆ ಬಿದ್ದ ಮೇಲೆ ದ್ವೀಪದ ಧಾಟಿ ಕರಗಬೇಕಿತ್ತು. 1961ರಲ್ಲಿ ಅಲ್ಲಿಗೆ ಹೋದ ಲಬೋವ್ ಅವರಿಗೆ ಕಂಡದ್ದು ಬೇರೆ. ಮೀನು ಹಿಡಿಯುವವರು, ಅದರಲ್ಲೂ ಇಲ್ಲೇ ಉಳಿಯುತ್ತೇವೆ ಅಂತ ತೀರ್ಮಾನಿಸಿದವರು, ಹಳೆಯ ಸ್ವರಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದಿದ್ದರು. ದ್ವೀಪ ಬಿಟ್ಟು ಹೋಗುವ ಯೋಚನೆಯಲ್ಲಿದ್ದ ಹುಡುಗರಲ್ಲಿ ಅದು ಕಡಿಮೆ. ಯಾರು ಎಲ್ಲಿ ಬದುಕಬೇಕು ಅಂದುಕೊಂಡಿದ್ದಾರೆ ಅನ್ನೋದು 'ಹೌಸ್' ಅನ್ನೋ ಪದದ ನಡುವಿನ ಸ್ವರದಲ್ಲೇ ಕೇಳಿಸುತ್ತಿತ್ತು.

ಹಾಗಾದ್ರೆ ನಾನು ಧಾಟಿ ಬದಲಾಯಿಸಿಕೊಳ್ಳಬೇಕಾ, ಬೇಡವಾ?

ಕೇಳಿದವರಿಗೆ ಪದೇ ಪದೇ ಅರ್ಥವಾಗದೆ ಕೆಲಸ ಕೆಡುತ್ತಿದ್ದರೆ, ವೇಗ ಕಡಿಮೆ ಮಾಡಿ, ಪದಗಳ ಕೊನೆಯನ್ನು ನುಂಗಬೇಡಿ. ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಅರ್ಥವಾಗಿಯೂ ಮೂಗು ಮುರಿಯುವವರಿಗಾಗಿ ಬದಲಾಗೋದು ನನಗೆ ಒಪ್ಪಿಗೆ ಇಲ್ಲ. ಹೊಟ್ಟೆಪಾಡಿಗೆ ಬದಲಾದವರನ್ನು ಬೈಯ್ಯೋದೂ ಇಲ್ಲ. ಹೊರಗೆ ಒಂದು, ಮನೆಯಲ್ಲಿ ಒಂದು ಅಂತ ಎರಡಿಟ್ಟುಕೊಂಡವರೇ ಜಾಸ್ತಿ. ಹಾಗಿರೋದರಲ್ಲಿ ತಪ್ಪೇನಿಲ್ಲ, ದಣಿವು ಮಾತ್ರ ಇದೆ.

ಎದುರಿನವರ ಧಾಟಿ ನನಗೆ ಅರ್ಥವೇ ಆಗೋದಿಲ್ಲ. ಏನು ಮಾಡಲಿ?

ಒಂದು ನಿಮಿಷ ತಾಳಿ. ಸುಮ್ನೆ ಹೇಳುತ್ತಿಲ್ಲ. ಅಪರಿಚಿತ ಧಾಟಿಗೆ ಕಿವಿ ಒಂದೇ ನಿಮಿಷದೊಳಗೆ ಹೊಂದಿಕೊಳ್ಳೋಕೆ ಶುರುಮಾಡುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಅಷ್ಟರೊಳಗೆ ನಾವು "ಇವರದು ಅರ್ಥವಾಗೋದಿಲ್ಲ" ಅಂತ ಕೈ ಚೆಲ್ಲಿದರೆ ಕಿವಿ ತಾನೇ ಏನು ಮಾಡೀತು? ಅರ್ಥವಾಗದಿದ್ದರೆ "ಇನ್ನೊಮ್ಮೆ ಹೇಳ್ತೀರಾ?" ಅಂತ ಕೇಳಿ. ತಲೆಯಾಡಿಸಿ ನಕ್ಕು ಮುಂದೆ ಹೋಗಬೇಡಿ, ಅದು ಎದುರಿನವರಿಗೆ ಗೊತ್ತಾಗಿಯೇ ಆಗುತ್ತದೆ.

ಮುಖ ನೋಡಿ ಕಿವಿ ಮೋಸಹೋಗೋದೂ ಉಂಟು. 1992ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೆ ಒಂದೇ ಪಾಠ, ಒಂದೇ ಧ್ವನಿಮುದ್ರಣ ಕೇಳಿಸಿದರು. ಒಂದು ಗುಂಪಿಗೆ ಬಿಳಿಯ ಮಹಿಳೆಯ ಫೋಟೋ, ಇನ್ನೊಂದಕ್ಕೆ ಏಷ್ಯಾದ ಮಹಿಳೆಯದು. ಎರಡನೇ ಗುಂಪಿಗೆ ಪಾಠ ಕಡಿಮೆ ತಲೆಗೆ ಹತ್ತಿತು. ಆ ಧ್ವನಿಯಲ್ಲಿ ಪರದೇಶದ ಧಾಟಿಯ ಸುಳಿವೂ ಇರಲಿಲ್ಲ.

ಯಂತ್ರಗಳಿಗಾದರೂ ಪಕ್ಷಪಾತ ಇರೋದಿಲ್ವಲ್ಲ?

ಯಂತ್ರಕ್ಕೆ ಮಾತು ಕಲಿಸಿದವರು ಯಾರ ದನಿ ಕೇಳಿಸಿದ್ದರು ಅನ್ನೋದರ ಮೇಲೆ ನಿಂತಿದೆ. 2020ರಲ್ಲಿ ಅಮೆರಿಕದಲ್ಲಿ ಮಾತನ್ನು ಬರಹ ಮಾಡುವ ಐದು ದೊಡ್ಡ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಬಿಳಿಯರ ಮಾತಿನಲ್ಲಿ 100 ಪದಕ್ಕೆ ಸರಾಸರಿ 19 ತಪ್ಪು, ಕರಿಯರ ಮಾತಿನಲ್ಲಿ 35.

ಬೇರೆ ಕಡೆಯವರ ಧಾಟಿಯನ್ನು ತಮಾಷೆಗೆ ಅನುಕರಿಸಬಹುದಾ?

ಅವರೂ ನಿಮ್ಮದನ್ನು ಅನುಕರಿಸಿ, ಇಬ್ಬರೂ ನಗುವಷ್ಟು ಸಲುಗೆ ಇದ್ದರೆ ಧಾರಾಳವಾಗಿ. ಹೊಸದಾಗಿ ಕೆಲಸಕ್ಕೆ ಸೇರಿದವರು ಬಾಯಿ ಬಿಟ್ಟಾಗಲೆಲ್ಲ ಅವರ ಮಾತನ್ನೇ ತಿರುಗಿ ಒಪ್ಪಿಸೋದು ಬೇರೆ. ಮೊದಲ ವಾರ ಅವರೂ ನಗುತ್ತಾರೆ. ಮೂರನೇ ವಾರದ ಹೊತ್ತಿಗೆ ಮೀಟಿಂಗ್‌ನಲ್ಲಿ ಮಾತಾಡೋದನ್ನೇ ಕಡಿಮೆ ಮಾಡಿರುತ್ತಾರೆ.

ಇಷ್ಟೆಲ್ಲ ಹೇಳುತ್ತೀರಲ್ಲ, ನಿಮಗೆ ಇಷ್ಟವಿಲ್ಲದ ಧಾಟಿ ಒಂದೂ ಇಲ್ವಾ?

ಇದೆ. ಒಂದು ಧಾಟಿ ಕಿವಿಗೆ ಬಿದ್ದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಬಹಳ ದಿನ ಅದರ ರಾಗವೇ ಒರಟು ಅಂದುಕೊಂಡಿದ್ದೆ. ಆಮೇಲೊಂದು ದಿನ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ ಯಾರೋ ಅದೇ ಧಾಟಿಯಲ್ಲಿ ಮಗುವನ್ನು ಮಲಗಿಸುತ್ತಿದ್ದರು. ನನ್ನ ಕೈ ತಾನಾಗಿ ಮುಷ್ಟಿಯಾಗಿ ತೊಡೆಯ ಕೆಳಗೆ ಸರಿದಿತ್ತು. ಆಗ ಹೊಳೆಯಿತು. ಐದನೇ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರದು ಅದೇ ಧಾಟಿ. ಕೈ ಚಾಚು ಅಂತಿದ್ದರು.